ಗೂಬೆಯ ಸುತ್ತ ಖಾಲಿ ಜಾಗ

ಎಲ್ಲ ಅನಾಹುತಕ್ಕೂ ಮೂಲ, ಗೂಬೆಯ ಸುತ್ತ ಬಿಡಬೇಕಾಗಿದ್ದ ಒಂದು ಗೇಣು ಖಾಲಿ ಜಾಗ.

ಚಿಕ್ಕೋಡಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನೇಮಿನಾಥರು ಮುಕ್ತ ತಂತ್ರಾಂಶ ಸಮುದಾಯವೊಂದರ ಸದಸ್ಯರು. ಅದರ ತಂತ್ರಾಂಶವನ್ನು ಯಾರು ಬೇಕಾದರೂ ಪುಕ್ಕಟೆ ಪಡೆಯಬಹುದು, ತಿದ್ದಬಹುದು, ಹಂಚಬಹುದು. ಅದರ ಲಾಂಛನವಾದ ಗೂಬೆಯನ್ನು ಮಾತ್ರ ಮುಟ್ಟುವಂತಿಲ್ಲ. ಗೂಬೆಯ ಬಣ್ಣ, ಅಳತೆ, ಸುತ್ತಲಿನ ಜಾಗ ಎಲ್ಲಕ್ಕೂ ಸೇರಿ ಮೂವತ್ತೊಂದು ನಿಯಮಗಳು. ಅವನ್ನು ಕನ್ನಡಕ್ಕೆ ತಂದವರೂ ನೇಮಿನಾಥರೇ.

2013ರ ಆ ಶನಿವಾರ ಹನ್ನೆರಡು ಗಂಟೆಗೆ ಸಮುದಾಯದ ಪರವಾಗಿ ಪುಣೆಯಿಂದ ಸಪನಾ ಮೇಡಂ ಲಾಂಛನದ ನಿಯಮಪಾಲನೆಯ ಪರಿಶೀಲನೆಗೆ ಬರುವವರಿದ್ದರು. ಅವರು ಒಪ್ಪಿದರೆ ಚಿಕ್ಕೋಡಿ ಘಟಕಕ್ಕೆ ಮಾನ್ಯತೆ; ಮಾನ್ಯತೆ ಸಿಕ್ಕರೆ ವಿದ್ಯಾರ್ಥಿಗಳಿಗೆ ಹತ್ತು ಕಂಪ್ಯೂಟರು. ಸದ್ಯಕ್ಕೆ ಇದ್ದದ್ದು ಒಂದೇ. ಅದರ ಮುಂದೆ ಮಕ್ಕಳು ಸೀಮೆಎಣ್ಣೆಗೆ ನಿಂತಂತೆ ಸಾಲು ನಿಲ್ಲುತ್ತಿದ್ದರು.

ಹತ್ತು ಗಂಟೆಗೆ ಫ್ಲೆಕ್ಸ್ ಅಂಗಡಿಯ ಬಾಳಾಸಾಬ ಕಾಲೇಜಿನ ಸಭಾಭವನದಲ್ಲಿ ಬ್ಯಾನರ್ ಕಟ್ಟಿದ. ನಡುವೆ ಒಂದು ಹಸಿರು ಗಿಣಿ. ಅದರ ಸುತ್ತ, ಹೊಲದ ಬದುವಿಗೆ ನೆಟ್ಟ ಕಲ್ಲುಗಳಂತೆ, ಹದಿನಾಲ್ಕು ಮುಖಗಳು. ಎಲ್ಲಕ್ಕೂ ದೊಡ್ಡದು ಕಾಲೇಜಿನ ಅಧ್ಯಕ್ಷ ತಾತ್ಯಾಸಾಹೇಬರದು, ಕಪ್ಪು ಕನ್ನಡಕದ ಸಮೇತ.

“ಇವರೆಲ್ಲಾ ಯಾರೋ ಬಾಳಾಸಾಬ?”

“ಶುಭ ಕೋರಾವರ್ರೀ ಸರ್. ಸುತ್ತ ಜಾಗಾ ಬಿಡು ಅಂದಿದ್ರೆಲ್ಲ! ಫ್ಲೆಕ್ಸಿನ್ಯಾಗ ಜಾಗಾ ಬಿಡೂದು ಮಾರಿ ಹಾಕಾಕ ಅಲ್ದ ಮತ್ಯಾಕ್ರೀ?”

“ಗೂಬಿ ಎಲ್ಲಿ?”

“ಚಲೋ ಕಾರ್ಯಕ್ರಮಕ್ಕ ಗೂಬಿ ಕೂಡಸ್ತಾರೇನ್ರೀ? ಮಂದಿ ನನ್ನ ಅಂಗಡಿ ಮೆಟ್ಟಲಾ ಹತ್ತೂದಿಲ್ಲ. ಯಾರು ಬೇಕಾದ್ರೂ ತಿದ್ದಬಹುದು ಅಂತ ನೀವ ಭಾಷಣಾ ಮಾಡಿದ್ರಿ. ತಿದ್ದೀನಿ!”

“ಅದು ಸಾಫ್ಟ್‌ವೇರಿಗೋ ಮಾರಾಯಾ, ಗೂಬಿಗಲ್ಲ!”

ನೇಮಿನಾಥರು ಮೇಜು ಹತ್ತಿ ಬ್ಯಾನರ್ ಕಿತ್ತು ಮಡಚತೊಡಗಿದರು. ಅಷ್ಟರಲ್ಲಿ ಬಾಗಿಲಲ್ಲಿ ಸಾಕ್ಷಾತ್ ತಾತ್ಯಾಸಾಹೇಬರು.

“ಏನ್ ಮಾಸ್ತರ, ನನ್ನ ಮಾರಿ ಮಡಚಾಕತ್ತೀರಿ?”

“ನಿಯಮ ಐತ್ರಿ ಸಾಹೇಬ್ರ. ಗೂಬಿ ಬಾಜೂಕ ಮನಷ್ಯಾರ ಮಾರಿ ಬರಬಾರ್ದಂತ್ರಿ.”

“ಅಂದ್ರ ಗೂಬಿ ಮಾರಿಗಿಂತ ನನ್ನ ಮಾರಿ ಕಡೇ ಆತು?”

“ಹಂಗಲ್ರಿ...”

“ನನ್ನ ಫೋಟೋ ಇಲ್ಲದ ಕಾರ್ಯಕ್ರಮಕ್ಕ ನನ್ನ ಸಭಾಭವನಾನೂ ಇಲ್ಲ. ನಡೀರಿ.”

ಸಭಾಭವನಕ್ಕೆ ಬೀಗ ಬಿತ್ತು. ಗಂಟೆ ಹನ್ನೊಂದು ದಾಟಿತ್ತು. ಉಳಿದದ್ದು ಆರನೇ ನಂಬರಿನ ಕೋಣೆ, ಅದರ ಕರಿಹಲಗೆ. ನೇಮಿನಾಥರು ಕೈವಾರ, ಮೀಟರ್ ಪಟ್ಟಿ, ಬಣ್ಣದ ಸೀಮೆಸುಣ್ಣ ಹಿಡಿದು ನಿಂತರು. ಅಳೆದು, ಒರೆಸಿ, ಮತ್ತೆ ಅಳೆದು, ಹನ್ನೆರಡಕ್ಕೆ ಐದು ನಿಮಿಷವಿರುವಾಗ ಗೂಬೆಯ ಎರಡನೇ ಕಣ್ಣು ತುಂಬಿದರು. ಕಸಗುಡಿಸಲು ಬಂದ ಕೆಂಚವ್ವ ಹೌಹಾರಿದಳು.

“ಅಯ್ಯ ನಮ್ಮವ್ವ, ಹಾಡಹಗಲ ಗೂಬಿ! ಸರೀರಿ ಸರ್, ಒರಸ್ತೀನಿ.”

“ಮುಟ್ಟಬ್ಯಾಡ ಬೇ!” ಎಂದು ನೇಮಿನಾಥರು ಹಲಗೆಗೆ ಬೆನ್ನು ಕೊಟ್ಟು, ಕೋಳಿ ಮರಿಗಳನ್ನು ಕಾಯುವಂತೆ ಕೈ ಚಾಚಿ ನಿಂತರು.

ಸಪನಾ ಮೇಡಂ ಬಂದರು. ತವರು ನಿಪ್ಪಾಣಿ, ಪುಣೆಯಲ್ಲಿದ್ದರೂ ಊರ ಮಾತು ಬಿಟ್ಟಿರಲಿಲ್ಲ. ಹಲಗೆಯನ್ನು ಎರಡು ನಿಮಿಷ ದಿಟ್ಟಿಸಿದರು.

“ಯಾರು ತಗದಾರ್ರೀ ಇದನ್ನ?”

“ನಾನ ರೀ. ಒಂದು ಮಿಲಿಮೀಟರ್ ಆಚೀಚಿ ಇಲ್ರಿ.”

“ಅದ ತ್ರಾಸ್ ಆತು ನೋಡ್ರಿ. ನಿಯಮ ಇಪ್ಪತ್ತೆಂಟು. ಲಾಂಛನ ಕೈಲೆ ತಗೀಬಾರದು, ಮೂಲ ಫೈಲಿನಿಂದನ ಛಾಪಿಸಬೇಕು. ಅನುವಾದ ನಿಮ್ದ ಅಲ್ರೀ?”

ಅನುವಾದಿಸುವಾಗ ಆ ಒಂದು ವಾಕ್ಯದ ಪದಗಳಿಗಾಗಿ ಎರಡು ದಿನ ತಡಕಾಡಿದ್ದು ನೇಮಿನಾಥರಿಗೆ ಈಗ ನೆನಪಾಯಿತು. ತನ್ನ ಕಷ್ಟ ತಿಳಿಯಲೆಂದು ಮಡಚಿ ತಂದಿದ್ದ ಬ್ಯಾನರನ್ನು ಅವರೆದುರು ಹಾಸಿದರು.

“ಇದನ್ನ ಹೆಂಗ್ ಹಚ್ಚಲಿ ಮೇಡಂ, ನೀವ ಹೇಳ್ರಿ!”

ಸಪನಾ ಮೇಡಂ ಬಗ್ಗಿ ಹದಿನಾಲ್ಕೂ ಮುಖಗಳನ್ನು ನೋಡಿದರು, ಗಿಣಿಯನ್ನು ನೋಡಿದರು.

“ಯಾಕ ಹಚ್ಚಲಿಲ್ರಿ ಇದನ್ನ? ಇದರಾಗ ನಮ್ಮ ಗೂಬಿ ಎಲ್ಲೈತ್ರಿ?”

“ಇಲ್ರಿ...”

“ಲಾಂಛನಾ ಇಲ್ಲಂದ ಮ್ಯಾಲ ಮೂವತ್ತೊಂದರಾಗ ಯಾವ ನಿಯಮಾ ಮುರಿತ್ರಿ? ಇದನ್ನ ಹಂಗ ಹಚ್ಚಿದ್ರ ಸಹಿ ಮಾಡಿ ಹೊಂಟಬಿಡ್ತಿದ್ನಿ.”

ಅವರು ಪೆನ್ನು ತೆಗೆದು ಮಾನ್ಯತೆಯ ಅರ್ಜಿಯ ಕೆಳಗೆ ಬರೆದರು: “ತಿರಸ್ಕೃತ. ನಿಯಮಗಳ ಕನ್ನಡ ಅನುವಾದಕರು ಸ್ವತಃ ನಿಯಮ ಮುರಿದಿದ್ದಾರೆ. ವರ್ಷದ ಬಳಿಕ ಮತ್ತೆ ಅರ್ಜಿ ಸಲ್ಲಿಸಬಹುದು.”

ನೇಮಿನಾಥರು ಅದನ್ನು ಮೂರು ಸಲ ಓದಿದರು. ಒಂದು ತಪ್ಪೂ ಸಿಗಲಿಲ್ಲ.