ಬಾಡಿಗೆ ರೋಗಿ

ಪರೀಕ್ಷೆಯಲ್ಲಿ ಕಾಯಿಲೆಯ ನಾಟಕವಾಡಲು ದುಡ್ಡಿಗೆ ಒಪ್ಪಿದ್ದ ಬಾಡಿಗೆ ರೋಗಿ ಸರಿಯಾದ ಹೊತ್ತಿಗೆ ಕೈಕೊಟ್ಟ. ಅವತ್ತೇ ಪರೀಕ್ಷೆ, ಅವತ್ತೇ ಆಡಳಿತ ಮಂಡಳಿಯ ತನಿಖಾಧಿಕಾರಿಣಿಯ ಭೇಟಿ. ರೋಗಿಯನ್ನು ಮಾತಾಡಿಸಿ ಔಷಧಿಯಲ್ಲಿನ ಎಡವಟ್ಟು ಹಿಡಿಯುವುದನ್ನು ಫಾರ್ಮಸಿ ವಿದ್ಯಾರ್ಥಿಗಳಿಗೆ ಕಲಿಸುತ್ತಿದ್ದ ಮೇಷ್ಟ್ರಿಗೆ ತಲೆ ಗಿರ್ರೆಂದಿತು. ಹುಡುಗರು ಗೆದ್ದರೆ ಮೇಷ್ಟ್ರಿಗೆ ಮುಖ್ಯಸ್ಥರ ಹುದ್ದೆ, ಸೋತರೆ ಈ ತರಗತಿಯೇ ಬಂದ್.

"ನೀವೇ ರೋಗಿ ಆಗ್ಬಿಡಿ ಸಾರ್. ಮುಖದಲ್ಲಿ ಆ ಕಳೆ ಹೆಂಗೂ ಇದೆ," ಎಂದರು ಲ್ಯಾಬಿನ ಸಹಾಯಕರು.

ಮೇಷ್ಟ್ರು ಶಾಲು ಹೊದ್ದು, ಹೆಂಡತಿ ತುಂಬಿಕೊಟ್ಟಿದ್ದ ತಮ್ಮದೇ ಮಾತ್ರೆ ಡಬ್ಬಿಯನ್ನು ಮುಂದಿಟ್ಟುಕೊಂಡು ಕೂತರು. ಹುಡುಗರು ಹಿಡಿಯಬೇಕಾದ ತಪ್ಪು ಇಷ್ಟೇ: ಈ ರೋಗಿ ನೋವಿನ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗುತ್ತಾನೆ.

ಮೊದಲನೆಯವನು ಬಂದ. "ಏನು ತೊಂದ್ರೆ ಯಜಮಾನ್ರೇ?"

"ಹೊಟ್ಟೇಲಿ ಉರಿ ಕಣಪ್ಪಾ."

"ನಮ್ಮಪ್ಪನಿಗೂ ಹಂಗೇ!" ಎಂದವನು ಗಂಟೆ ಹೊಡೆಯುವವರೆಗೂ ಅಪ್ಪನ ಕಾಯಿಲೆಗಳನ್ನೇ ವರ್ಣಿಸಿದ. ಎರಡನೆಯವನು ಏನೂ ಕೇಳದೆ, ದಿನಾ ವಾಕಿಂಗ್ ಹೋಗಿ ಎಂದು ಉಪದೇಶ ಮಾಡಿ ಎದ್ದ. ಪಕ್ಕದಲ್ಲೇ ಕೂತು ನೋಡುತ್ತಿದ್ದ ತನಿಖಾಧಿಕಾರಿಣಿ ಕೆಮ್ಮಿದರು.

ಕೊನೆಗೆ ಬಂದವಳು ಮೌನಗೌರಿ. ವರ್ಷವಿಡೀ ತುಟಿ ಬಿಚ್ಚದ್ದಕ್ಕೆ ಗೆಳತಿಯರಿಟ್ಟ ಹೆಸರು. ಅವಳು ಡಬ್ಬಿ ತೆರೆದು ಎರಡು ಮಾತ್ರೆ ಪಟ್ಟಿಗಳನ್ನು ಹೊರತೆಗೆದಳು.

"ಇವೆರಡನ್ನೂ ದಿನಾ ತಗೋತೀರಾ?"

"ಅದು ಬಿಡಮ್ಮಾ, ಹೊಟ್ಟೆ ಬಗ್ಗೆ ಕೇಳು!" ಮೇಷ್ಟ್ರು ಪಿಸುಗುಟ್ಟಿದರು.

"ಎದ್ದು ನಿಂತ್ರೆ ತಲೆ ತಿರುಗುತ್ತಾ?"

"ತಿಂಗಳಿಂದ ತಿರುಗುತ್ತೆ..." ನಾಟಕ ಮರೆತು ನಿಜ ಬಾಯಿಬಿಟ್ಟರು ಮೇಷ್ಟ್ರು.

"ಎರಡೂ ಬೀಪಿಗೆ ಕೊಡೋ ಒಂದೇ ಔಷಧಿ ಸಾರ್. ಕಂಪನಿ ಬೇರೆ, ಹೆಸರು ಬೇರೆ. ನೀವು ಎರಡರಷ್ಟು ನುಂಗ್ತಿದ್ದೀರಿ. ಇವತ್ತೇ ಡಾಕ್ಟ್ರನ್ನ ಕಾಣಿ."

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. ಹೌದು! ಅಂಗಡಿಯವನು ಬದಲಿಗೆ ಕೊಟ್ಟ ಹೊಸ ಪಟ್ಟಿಯನ್ನು ಹೆಂಡತಿ ಹಳೆಯದರ ಜೊತೆಗೇ ಸೇರಿಸಿದ್ದಳು. ಊರಿಗೆಲ್ಲ ಪಟ್ಟಿ ಓದಲು ಕಲಿಸಿದ ಇವರು ಅಂಗೈಗೆ ಬಿದ್ದದ್ದನ್ನು ನೋಡದೆ ನುಂಗಿದ್ದರು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ. ನಾಚಿಕೆಯಾಯಿತು, ಆದರೆ ಅದಕ್ಕಿಂತ ಹೆಚ್ಚು ಖುಷಿಯಾಯಿತು. ಈ ಹುಡುಗಿ ಮುಂದೆ ಎಷ್ಟು ಜನರನ್ನು ಉಳಿಸುತ್ತಾಳೋ!

"ಮೇಡಂ, ಪರೀಕ್ಷೆಗೆ ಇಟ್ಟಿದ್ದ ಉತ್ತರ ಇದಲ್ಲ," ಎಂದರು ಧೈರ್ಯ ಮಾಡಿ. "ಆದ್ರೆ ಅವಳು ಹೇಳಿದ್ದೇ ಸರಿ. ಅವಳಿಗೆ ಪೂರ್ತಿ ಅಂಕ ಕೊಡ್ಬೇಕು."

"ಕೊಡೋಣ. ತರಗತೀನೂ ಮುಂದುವರೀಲಿ," ತನಿಖಾಧಿಕಾರಿಣಿ ನಕ್ಕರು. "ನೀವಿಲ್ದೆ ಇದು ನಡೆಯೋದೇ ಇಲ್ಲ ಬಿಡಿ."

ಮೇಷ್ಟ್ರು ಉಬ್ಬಿಹೋದರು. "ಹಾಗಾದ್ರೆ ಮುಖ್ಯಸ್ಥರ ಹುದ್ದೆ...?"

"ಅದಕ್ಕೆ ಬೇರೆಯವರನ್ನ ನೋಡ್ತೀವಿ. ಪಾಠ ಮಾಡೋರು ಬೇಕಾದಷ್ಟು ಜನ ಇದ್ದಾರೆ ಮೇಷ್ಟ್ರೇ, ಇಂಥ ರೋಗಿ ಎಲ್ಲಿ ಸಿಗ್ತಾರೆ?"