ಮಾವನಿಗೆ ಕುಡಿಸಿದ ಶುದ್ಧ ನೀರು

ನೀರನ್ನು ಶುದ್ಧಗೊಳಿಸುವ ವಿದ್ಯೆ ನನಗೆ ಪೂರ್ತಿಯಾಗಿ ಕರಗತವಾದದ್ದು ಒಂದು ಶನಿವಾರ ಸಂಜೆ, ಸುಮಾರು ಇಪ್ಪತ್ತು ನಿಮಿಷಗಳಲ್ಲಿ. ಆ ಬೇಸಗೆಯಲ್ಲಿ ಮಂಗಳೂರಿನ ಬಂದರಿನ ಕಡೆ ಕಾಲರಾ ಕಾಣಿಸಿಕೊಂಡಿತ್ತು. ಶಾಲೆಯ ಅಂಗಳದಲ್ಲಿ ಡಾಕ್ಟರೊಬ್ಬರು ಭಾಷಣ ಮಾಡುತ್ತಿದ್ದರು. ಒಂದರ ಮೇಲೊಂದು ಮೂರು ಮಡಕೆ. ಮೇಲಿನದರಲ್ಲಿ ಇದ್ದಿಲು, ನಡುವಿನದರಲ್ಲಿ ಮರಳು, ಕೆಳಗಿನದರಲ್ಲಿ ಸೋಸಿದ ನೀರು. ಇಷ್ಟು ತಿಳಿದ ಮೇಲೆ ಉಳಿದ ಭಾಷಣ ಯಾಕೆ? ಮಡಕೆಯಂಗಡಿ ಮುಚ್ಚೀತೆಂದು ನಾನು ಎದ್ದು ಬಂದೆ.

ಹಂಚಿನ ಕಾರ್ಖಾನೆಯ ಗುಮಾಸ್ತನಾದ ನನಗೆ ಸುಟ್ಟ ಮಣ್ಣಿನ ಸ್ವಭಾವ ಗೊತ್ತಿಲ್ಲವೇ? ಗೊತ್ತಿರಲಿಲ್ಲ. ತೂತು ಕೊರೆಯುವಾಗ ಎರಡು ಮಡಕೆ ಒಡೆದವು. ಮೂರನೆಯದು ನಾನು ಮುಟ್ಟುವ ಮೊದಲೇ ಒಡೆಯಿತು! ಮತ್ತೆ ಮೂರು ತಂದೆ. ಮರುದಿನ ಮರಳಿಗೆ ನೇತ್ರಾವತಿಯ ದಡಕ್ಕೆ ನಡೆದೆ. ಸಂಜೆಯ ಹೊತ್ತು, ನಿರ್ಜನ ದಡ, ಸಕ್ಕರೆಯಂಥ ಮರಳು. ಒಂದು ಚೀಲ ಹೊತ್ತು ತಂದೆ.

"ಇದನ್ನು ತೊಳೆಯುವುದು ಬೇಡವಾ?" ಎಂದಳು ನನ್ನ ಹೆಂಡತಿ ಗಿರಿಜ.

"ಹೊಳೆಯೇ ದಿನಾ ತೊಳೆದ ಮರಳು ಮಾರಾಯ್ತಿ! ನಿನ್ನ ಎರಡು ಕೊಡಪಾನ ನೀರಿನಿಂದ ಎಂತ ಹೆಚ್ಚಾಗ್ತದೆ?"

"ಹಾಗಾದ್ರೆ ನೀರು ಕುದಿಸುವುದು?"

"ಇನ್ನು ಬೇಡ. ಸೌದೆ ದಂಡ."

ಅದೇ ವಾರ ಗಿರಿಜಳ ಅಪ್ಪ ಕಂಕನಾಡಿಯ ಆಸ್ಪತ್ರೆಯಲ್ಲಿ ಕಣ್ಣು ತೋರಿಸಲೆಂದು ವಾಮಂಜೂರಿನಿಂದ ಬಂದರು. ಮೊದಲ ಲೋಟವನ್ನು ನಾನೇ ಕೈಯಾರೆ ಕೊಟ್ಟೆ.

"ಎಂತದೋ ವಾಸನೆ ಉಂಟಲ್ಲ ಅಳಿಯಂದಿರೇ?"

"ಶುದ್ಧ ನೀರಿಗೆ ಹಾಗೆಯೇ ಮಾವ. ನಿಮಗೆ ಅಭ್ಯಾಸ ಇಲ್ಲ."

ಮೂರನೆಯ ದಿನ ಬೆಳಿಗ್ಗೆ ಮಾವನ ಹೊಟ್ಟೆ ಕೆಟ್ಟಿತು. ಒಂಬತ್ತು ಗಂಟೆಯೊಳಗೆ ಎಂಟು ಸಲ ಹಿತ್ತಿಲಿಗೆ ಹೋದರು, ಆಮೇಲೆ ಏಳಲಾಗಲಿಲ್ಲ. ವಾಂತಿಯೂ ಸುರುವಾಯಿತು. ಕಣ್ಣು ಗುಳಿಬಿದ್ದಿತು, ದನಿ ಸೋತಿತು. "ನೀರು" ಎಂದರು. ಕೊಟ್ಟೆ. ಮತ್ತೆ ಕೇಳಿದರು. ಮತ್ತೆ ಅದೇ ಮಡಕೆಯಿಂದ ಕೊಟ್ಟೆ!

"ಇದು ಅದೇ ಅಲ್ಲ ತಾನೇ?" ಎಂದಳು ಗಿರಿಜ. ಆ ದಿನಗಳಲ್ಲಿ ಆ ರೋಗದ ಹೆಸರನ್ನು ಮನೆಯೊಳಗೆ ಯಾರೂ ಎತ್ತುತ್ತಿರಲಿಲ್ಲ.

ಡಾಕ್ಟರನ್ನು ಕರೆತರಲು ಕಂಕನಾಡಿಗೆ ಓಡಿದೆ. ದಾರಿಯಲ್ಲಿ ನನ್ನ ಹೊಟ್ಟೆಯೂ ತನ್ನ ಅಹವಾಲನ್ನು ಸಲ್ಲಿಸಿತು. ಪರರ ಎರಡು ಪಾಗಾರದ ಗೋಡೆಗಳ ಹಿಂದೆ ಅದನ್ನು ಇತ್ಯರ್ಥಪಡಿಸಿದೆನೆಂದು ಹೇಳಿದರೆ ಸಾಕು.

ಸಿಕ್ಕಿದವರು ಭಾಷಣ ಮಾಡಿದ ಡಾಕ್ಟರೇ. ಅವರು ಬಂದು ಮಾವನ ನಾಡಿ ಹಿಡಿದರು, ಕೈಯ ಚರ್ಮ ಚಿವುಟಿ ನೋಡಿದರು.

"ಮೂತ್ರ ಹೋಗಿದೆಯಾ?"

"ಬೆಳಿಗ್ಗೆಯಿಂದ ಇಲ್ಲ," ಎಂದಳು ಗಿರಿಜ.

ಡಾಕ್ಟರ ಮುಖ ಕಪ್ಪಿಟ್ಟಿತು. "ಉಪ್ಪು ಹಾಕಿದ ಗಂಜಿ ತೆಳಿ ಬಿಡದೆ ಕೊಡಿ, ಚಮಚ ಚಮಚವಾಗಿ. ಸಂಜೆಯೊಳಗೆ ಮೂತ್ರ ಹೋದರೆ ಬದುಕ್ತಾರೆ." ಅವರು ಮನೆಯೊಳಗೆ ಸುತ್ತ ಕಣ್ಣಾಡಿಸಿದರು. "ಕುಡಿಯುವ ನೀರು ಯಾವುದು?"

ಮಡಕೆಗಳನ್ನು ತೋರಿಸಿದೆ. ಆಗಲೂ ನನ್ನ ದನಿಯಲ್ಲಿ ತುಸು ಹೆಮ್ಮೆಯಿತ್ತು. ಮರಳು ಎಲ್ಲಿಯದೆಂದು ಕೇಳಿದರು. ಹೇಳಿದೆ.

"ಯಾವ ಹೊತ್ತಿಗೆ ಹೋಗಿದ್ರಿ?"

"ಸಂಜೆ. ಒಂದು ನರಪಿಳ್ಳೆ ಇರಲಿಲ್ಲ. ಅಷ್ಟು ಚೊಕ್ಕ ಜಾಗ."

"ಬೆಳಿಗ್ಗೆ ಹೋಗಬೇಕಿತ್ತು ಮಾರಾಯ್ರೆ! ಆ ಇಡೀ ಕೇರಿಗೆ ಕಕ್ಕಸು ಅದೇ. ಕೂತುಕೊಳ್ಳಲಿಕ್ಕೆ ಜಾಗ ಸಿಗುವುದಿಲ್ಲ!"

ಗಿರಿಜ ನನ್ನತ್ತ ನೋಡಿದಳು. ಹನ್ನೆರಡು ವರ್ಷಗಳ ದಾಂಪತ್ಯದಲ್ಲಿ ಆಕೆ ನನ್ನನ್ನು ಹಲವು ಬಗೆಯಲ್ಲಿ ನೋಡಿದ್ದುಂಟು. ಇದು ಹೊಸತು.

"ಮರಳನ್ನು ತೊಳೆದು ಕುದಿಸಬೇಕು, ಸೋಸಿದ ನೀರನ್ನೂ ಕುದಿಸಬೇಕು ಅಂತ ಭಾಷಣದಲ್ಲಿ ಹೇಳಿದ್ದೆನಲ್ಲ?"

"ಅದು ದ್ವಿತೀಯಾರ್ಧದಲ್ಲಿ ಇದ್ದಿರಬೇಕು," ಎಂದೆ.

ಮಧ್ಯಾಹ್ನವಾಯಿತು. ಎರಡು ಗಂಟೆಯಾಯಿತು. ಗಿರಿಜ ಚಮಚ ಹಿಡಿದವಳು ಕೆಳಗಿಡಲಿಲ್ಲ. ನಾನು ಹಿತ್ತಿಲಿಗೆ ಓಡುತ್ತ, ಮರಳಿ ಬರುತ್ತ, "ಮಾವ, ಬರ್ತದಾ?" ಎಂದು ಕೇಳುತ್ತಿದ್ದೆ. ಅವರು ತಲೆಯಾಡಿಸುತ್ತಿದ್ದರು, ಇಲ್ಲವೆಂದು. ಹೆಂಡತಿಯ ಅಪ್ಪನನ್ನು ನಾನೇ, ಬೆಳಗಿದ ಲೋಟದಲ್ಲಿ, ಉಪದೇಶ ಸಹಿತ ಕೊಂದಂತಾಗಿತ್ತು.

ನಾಲ್ಕು ಗಂಟೆಯ ಹೊತ್ತಿಗೆ ಮಾವ ಮೆಲ್ಲನೆ ಕಿರುಬೆರಳನ್ನು ಎತ್ತಿದರು.

ಇಬ್ಬರೂ ಅವರನ್ನು ಹೊತ್ತೇ ಹೊರಗೆ ಕರೆದೊಯ್ದೆವು. ಸದ್ದು ಕೇಳಿಸಿತು. ಗಿರಿಜ ಜೋರಾಗಿ ಅತ್ತಳು. ನಾನು ಸಂತೋಷ ತಡೆಯಲಾರದೆ ಅಂಗಳಕ್ಕೆ ಓಡಿ ಕೂಗಿದೆ: "ಹೋಯಿತು! ಮಾವನದ್ದು ಹೋಯಿತು!"

ಅಳುವೂ ಕೂಗೂ ಒಟ್ಟಿಗೆ ಕೇಳಿದ ಪಕ್ಕದ ಮನೆಯ ಸಂಜೀವಣ್ಣ ಹೆಗಲ ಬೈರಾಸು ಬಾಯಿಗೊತ್ತಿಕೊಂಡು ಓಡಿಬಂದರು.

"ಅಯ್ಯೋ! ಎಷ್ಟು ಹೊತ್ತಿಗೆ ಹೋದದ್ದು?"

"ಈಗ ತಾನೇ ಸಂಜೀವಣ್ಣ! ಧಾರಾಳವಾಗಿ ಹೋಯಿತು!"

ಅವರು ನನ್ನನ್ನು ಹೇಗೆ ನೋಡಿದರೆಂದು ಬರೆಯುವುದಿಲ್ಲ.

ಹತ್ತನೆಯ ದಿನ ಮಾವ ಊರಿಗೆ ಹೊರಟರು. ಎತ್ತಿನ ಗಾಡಿ ಏರಿ ಕೂತಾಗ, ದಾರಿಗಿರಲೆಂದು ನಾನು ಒಂದು ಚೆಂಬು ನೀರನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ.

"ಯಾರು ಕುದಿಸಿದ್ದು?" ಎಂದರು.

"ಗಿರಿಜ, ಮಾವ. ಹತ್ತು ನಿಮಿಷ ಕುದಿಸಿದ್ದಾಳೆ."

ಅವರು ಚೆಂಬಿನೊಳಗೆ ಇಣುಕಿದರು. ಆಮೇಲೆ ನನ್ನ ಮುಖ ನೋಡಿದರು. "ಆದರೆ ತಂದದ್ದು ನೀವಲ್ಲವಾ?" ಎಂದು ಚೆಂಬನ್ನು ಮೆಲ್ಲನೆ ನನ್ನ ಕೈಗೇ ಮರಳಿಸಿದರು. "ಬೇಡ ಅಳಿಯಂದಿರೇ. ವಾಮಂಜೂರು ಎಂತ ದೂರ ಉಂಟು? ಬಾಯಾರಿಕೆ ತಡೆದುಕೊಳ್ತೇನೆ."