ಸ್ವಂತ ಸೊಂಟದೊಂದಿಗೆ ನಿಶ್ಚಿತಾರ್ಥಕ್ಕೆ ಹಾಜರಾಗುವ ಬಗ್ಗೆ

ಇಂದ:
ಶ್ರೀಮತಿ ಪದ್ಮಾವತಿ, ವಯಸ್ಸು ೫೧, ಬ್ಲೌಸ್ ಹೊಲಿಯುವವಳು,
ರಿಫೈನರಿ ಸ್ಟಾಫ್ ಕ್ವಾರ್ಟರ್ಸ್, ಕೊಯಾಲಿ, ವಡೋದರಾ

ಗೆ:
ಕುಮಾರಿ ಮೇದಿನಿ, ಸದರಿಯವಳ ಮಗಳು ಹಾಗೂ ಮೇಲಧಿಕಾರಿ,
ಎ.ಸಿ. ಇರುವ ಕೋಣೆ, ಅದೇ ವಿಳಾಸ

ಮೂಲಕ:
ಶ್ರೀ ಜಯತೀರ್ಥ, ತಮ್ಮ ತಂದೆ. (ತಮಗೆ ಕನ್ನಡ ಓದಲು ಬಾರದ ಕಾರಣ ಇವರು ಓದಿ ಹೇಳತಕ್ಕದ್ದು.)

ವಿಷಯ: ಸೊಂಟ ಬಿಗಿಯುವ ಕಾರ್ಸೆಟ್‌ನಿಂದ ವಿನಾಯಿತಿ ಕೋರಿ.

ಉಲ್ಲೇಖ: ತಮ್ಮ ಮೌಖಿಕ ಆದೇಶ: "ಮಮ್ಮಿ, ಫೋಟೋದಲ್ಲಿ ನೀನು ಬಹುತ್ ವೈಡ್ ಬರ್ತಿ. ಸೀರೆ ಒಳಗೆ ಕಾರ್ಸೆಟ್ ಹಾಕೋ ನಾ, ಪ್ಲೀಸ್!"

ಮಾನ್ಯ ಮಗಳೇ,

೧. ಆದೇಶದ ಮೇರೆಗೆ ಕಾರ್ಸೆಟ್ಟನ್ನು ಸ್ವತಃ ಹೊಲಿಯಲಾಯಿತು. ಬಟ್ಟೆ, ತಂದೆಯವರ ಹಳೆಯ ಯೂನಿಫಾರ್ಮಿನ ಡ್ರಿಲ್, ಎರಡು ಪದರ. ಅದು ನೆಟ್ಟಗೆ ನಿಲ್ಲಲೆಂದು ಮೊದಲು ಕಸಬರಿಗೆ ಕಡ್ಡಿ ಹಾಕಿದ್ದು, ಕುಳಿತಾಗ ಮೂರು ಮುರಿದು ಒಂದು ಚುಚ್ಚಿದ ಕಾರಣ, ವೈರು ಕಟ್ಟುವ ಪ್ಲಾಸ್ಟಿಕ್ ಕೇಬಲ್ ಟೈ ಹದಿನಾಲ್ಕನ್ನು ಅಳವಡಿಸಲಾಯಿತು. ಬೆನ್ನಿಗೆ ಲಂಗದ ಲಾಡಿ. "ಉಸಿರು ಹಿಡಿ, ಇನ್ನೊಂದ್ಸಲ ಜಗ್ಗತೀನಿ," ಎಂದ ತಂದೆಯವರು ಎಲೆಕ್ಟ್ರಿಕಲ್ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕಲಿತ ಗಂಟನ್ನೇ ಹಾಕಿದರು. ಸೊಂಟ ನಾಲ್ಕು ಇಂಚು ಇಳಿಯಿತು. ಆ ನಾಲ್ಕು ಇಂಚು ಎಲ್ಲಿಗೂ ಹೋಗದೆ, ಎರಡು ಮೇಲಕ್ಕೂ ಎರಡು ಕೆಳಕ್ಕೂ ವರ್ಗವಾಯಿತು.

೨. ಸದರಿ ಸ್ಥಿತಿಯಲ್ಲಿ ಕಳೆದ ಭಾನುವಾರ ಅಹಮದಾಬಾದಿನ ವಸ್ತ್ರಾಪುರಕ್ಕೆ, ಭಾವೀ ಬೀಗರ ಮನೆಗೆ, ಊಟಕ್ಕೆ ಹೋಗಲಾಯಿತು. ಬೀಗಿತ್ತಿ ಜ್ಯೋತ್ಸ್ನಾಬೆನ್ ಮಾವಿನ ರಸದ ಬಟ್ಟಲು ಹಿಡಿದು ಬಂದರು. ಬಲವಂತ ಮಾಡಿ ಬಡಿಸುವುದೇ ಅವರ ಪ್ರೀತಿ. ಊಟ ಒಲ್ಲೆನೆಂದರೆ ಸಂಬಂಧ ಒಲ್ಲೆನೆಂದಂತೆ. ಅರ್ಧ ಪೂರಿ ನುಂಗಿದ ಅರ್ಜಿದಾರಳಿಗೆ ಉಸಿರಿಗೇ ಜಾಗವಿರಲಿಲ್ಲ. ಆದ್ದರಿಂದ ಮೂರು ಸಲ ಕೈ ಅಡ್ಡ ಹಿಡಿದಳು. "ಹಮಾರಾ ಖಾನಾ ಪಸಂದ್ ನಹೀ ಆಯಾ, ಯಾ ಹಮಾರಾ ಘರ್?" ಎಂದು, ಊಟ ಸೇರಲಿಲ್ಲವೋ ಮನೆಯೇ ಸೇರಲಿಲ್ಲವೋ ಎಂದು, ಕೇಳಿದವರ ಮುಖ ಸಪ್ಪಗಾಯಿತು. ತಾವು ತಲೆ ತಗ್ಗಿಸಿ ಕಣ್ಣೊರೆಸಿಕೊಂಡಿರಿ. ನನ್ನ ಕೈಯಾರೆ ಮಗಳ ಮದುವೆ ಮುರಿಯಿತಲ್ಲ ಎಂದು ಕರುಳು ಕಿತ್ತು ಬಂತು. ಕಾರ್ಸೆಟ್ ಇದ್ದ ಕಾರಣ ಅದಕ್ಕೂ ಹೊರಗೆ ಬರಲಾಗಲಿಲ್ಲ.

೩. ಕೈ ತೊಳೆಯಲು ಅಡುಗೆಮನೆಗೆ ಹೋದಾಗ ತಲೆ ಸುತ್ತಿತು. ಬೀಗಿತ್ತಿ ಸೊಂಟ ಹಿಡಿದು ನಿಲ್ಲಿಸಿದರು. ಬೆರಳಿಗೆ ಕೇಬಲ್ ಟೈ ತಗುಲಿತು. "ಅರೇ ಪದ್ಮಾಬೆನ್, ಆಪ್ ಭೀ?" ಎಂದವರೇ ಬಾಗಿಲು ಹಾಕಿದರು. ಅವರ ಮಗ, ಅಂದರೆ ತಮ್ಮ ಭಾವೀ ಪತಿ ಚಿ. ಅಜಯ್ ಅವರ ಆದೇಶದಂತೆ ಬೀಗಿತ್ತಿಯೂ ಬೆಳಗಿನಿಂದ ಕಾರ್ಸೆಟ್ ಬಿಗಿದುಕೊಂಡೇ ಬಡಿಸುತ್ತಿದ್ದರು! ಅವರದು ಶಾಪಿಂಗ್ ಮಾಲ್‌ನಲ್ಲಿ ಕೊಂಡದ್ದು, ಉಕ್ಕಿನ ಪಟ್ಟಿಯದು. ಹೊಲಿಗೆ ಮಾತ್ರ ಕಳಪೆ. ತಂದೆಯವರ ಗಂಟು ಬಿಚ್ಚದ ಕಾರಣ ತರಕಾರಿ ಚಾಕುವಿನಿಂದ ಲಾಡಿ ಕತ್ತರಿಸಲಾಯಿತು. ಬಳಿಕ ಇಬ್ಬರೂ ನೆಲದ ಮೇಲೆ ಕುಳಿತು ತಲಾ ಮೂರು ಬಟ್ಟಲು ರಸ ಕುಡಿದು ಸಂಬಂಧವನ್ನು ಖಾಯಂಗೊಳಿಸಿದೆವು.

೪. ಸದರಿ ಹೊಟ್ಟೆಯಲ್ಲಿ ತಾವು ಒಂಬತ್ತು ತಿಂಗಳು ಬಾಡಿಗೆಯಿಲ್ಲದೆ ವಾಸವಿದ್ದು, ಕ್ವಾರ್ಟರ್ಸ್ ಖಾಲಿ ಮಾಡುವಾಗ ಮೊದಲಿದ್ದ ಸ್ಥಿತಿಗೆ ತಂದುಕೊಟ್ಟಿರುವುದಿಲ್ಲ. ಈ ಬಗ್ಗೆ ಇಂದಿನವರೆಗೆ ತಕರಾರು ಎತ್ತಿದವಳಲ್ಲ. ವೈಡ್ ಎಂದಾಗ ಮಾತ್ರ ಬಹಳ ಬೇಜಾರಾಯಿತು.

ಆದ್ದರಿಂದ ಬರುವ ಭಾನುವಾರದ ನಿಶ್ಚಿತಾರ್ಥಕ್ಕೆ ಇಬ್ಬರು ತಾಯಂದಿರೂ ತಂತಮ್ಮ ಸ್ವಂತ ಸೊಂಟದೊಂದಿಗೆ ಹಾಜರಾಗಲು ಅನುಮತಿಸಿ, ಫೋಟೋ ತೆಗೆಯುವವನಿಗೆ ನಾಲ್ಕು ಹೆಜ್ಜೆ ಹಿಂದೆ ನಿಲ್ಲಲು ಸೂಚಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ ಹಾಗೂ ಹೆತ್ತವಳು,
ಪದ್ಮಾವತಿ

ಲಗತ್ತು:
ಕತ್ತರಿಸಿದ ಲಾಡಿ, ಎರಡು ತುಂಡು.
ಜ್ಯೋತ್ಸ್ನಾಬೆನ್ ಅವರ ಒಪ್ಪಿಗೆ ಸಹಿ, ಗುಜರಾತಿಯಲ್ಲಿ. (ಮಾವಿನ ರಸದ ಕಲೆಯನ್ನು ಮನ್ನಿಸುವುದು.)

ವಿ.ಸೂ.: ಅರ್ಜಿ ತಿರಸ್ಕೃತವಾದಲ್ಲಿ, ಅದೇ ಕಾರ್ಸೆಟ್ಟನ್ನು ತಮ್ಮ ಅಳತೆಗೆ ಇಳಿಸಿಕೊಡಲಾಗುವುದು. ತಾವು ಅದನ್ನು ಊಟಕ್ಕೆ ಮುಂಚೆ ಧರಿಸತಕ್ಕದ್ದು. ಲಾಡಿ ಜಗ್ಗಲು ಇಬ್ಬರು ತಾಯಂದಿರೂ ಸಿದ್ಧರಿದ್ದೇವೆ.